ನೇರಳೆ ಮುಚ್ಚಳ

ಮೊದಲ ತಿಂಗಳು ಎಲ್ಲರೂ ನನ್ನನ್ನು ಸಿಸ್ಟರ್ ಎಂದರು.
ತಿದ್ದಲಿಲ್ಲ. ಮೈಮೇಲೆ ಬಿಳಿ ಕೋಟು, ಅದೂ
ಸೀನಿಯರ್ ಒಬ್ಬಳು ಬಿಟ್ಟುಹೋದದ್ದು,
ಜೇಬಿನ ಮೇಲೆ ಅವಳ ಹೆಸರಿನ ದಾರ ಬಿಚ್ಚಿದ ತೂತುಗಳು.

ಮಡಿಕೇರಿಯ ಆಸ್ಪತ್ರೆಯಲ್ಲಿ ಲ್ಯಾಬು ಕೆಳಮಹಡಿ.
ಕಿಟಕಿಗೆ ಮಂಜು ಒತ್ತಿ ನಿಂತ ದಿನ
ಹನ್ನೊಂದು ಗಂಟೆಗೂ ಟ್ಯೂಬ್‌ಲೈಟು.
ಸ್ಲೈಡಿನ ಮೇಲೊಂದು ಹನಿ, ಇನ್ನೊಂದು ಸ್ಲೈಡಿನಿಂದ ಒಂದೇ ಎಳೆತ.
ನನ್ನದು ಬಾಲ ಕಡಿದ ಓತಿಯ ಹಾಗೆ ನಡುವೆಯೇ ನಿಲ್ಲುತ್ತಿತ್ತು.
'ಅಕ್ಕಿ ಒಟ್ಟಿ ತಟ್ಟುವ ಕೈ ಇದು, ಹಗುರ ಮಾಡು'
ಎಂದರು ಚೋಂದಮ್ಮ ಮೇಡಂ.
ನಲವತ್ತು ಸ್ಲೈಡು ಹಾಳಾದ ಮೇಲೆ
ಅಂಚು ಗರಿಯಂತೆ ತೆಳುವಾಗಿ ಬಂತು.
ಯಾರಿಗೂ ಹೇಳಲಿಲ್ಲ. ಊಟಕ್ಕೆ ತಡವಾಗಿ ಹೋದೆ.

ಅಪ್ಪ ಸುಂಟಿಕೊಪ್ಪದ ಕಡೆ ತೋಟದಲ್ಲಿ ರೈಟರು.
ಅವನ ಪುಸ್ತಕದಲ್ಲಿ ಹೆಸರುಗಳಿಲ್ಲ:
ಗಂಡಾಳು ಹನ್ನೊಂದು, ಹೆಣ್ಣಾಳು ಇಪ್ಪತ್ತಾರು.
ಕೂಡಿದರೆ ಲೆಕ್ಕ ಸರಿ.
ನಾನೂ ಲೆಕ್ಕದವಳೇ. ಒಂದೊಂದು ಬಿಳಿಕಣಕ್ಕೆ
ಕೌಂಟರಿನ ಗುಂಡಿ ಒತ್ತುತ್ತ ಒತ್ತುತ್ತ
ನೂರಾದಾಗ ಟಿಣ್.

ಆಗಸ್ಟಿನ ಒಂದು ಸೋಮವಾರ
ಸ್ಟ್ಯಾಂಡಿನಲ್ಲಿ ಎರಡು ನೇರಳೆ ಮುಚ್ಚಳ,
ಎರಡಕ್ಕೂ ಲೇಬಲ್ಲಿಲ್ಲ.
ರಕ್ತ ತೆಗೆದವಳು ನಾನೇ. ಫೋನು ಬಂತೋ, ಯಾರೋ ಕರೆದರೋ.
'ಎಡಗಡೆಯದು ಅಜ್ಜಿಯದು, ಬಹುಶಃ.'
ಮೇಡಂ ಬೈಯಲಿಲ್ಲ. ಎರಡನ್ನೂ ಎತ್ತಿ
ಕೆಂಪು ಬುಟ್ಟಿಗೆ ಹಾಕಿದರು.
'ಬಹುಶಃ ಎನ್ನುವುದಕ್ಕೆ ರಿಪೋರ್ಟಿನಲ್ಲಿ ಕಾಲಂ ಇಲ್ಲ.'

ಹುಡುಗನೊಬ್ಬ ಗೊಣಗುತ್ತ ಮತ್ತೆ ಕೈ ಚಾಚಿದ.
ಅಜ್ಜಿಯನ್ನು ಹಿಡಿದದ್ದು ಬಸ್‌ಸ್ಟ್ಯಾಂಡಿನಲ್ಲಿ,
ತಿತಿಮತಿ ಬಸ್ಸಿನ ಮೆಟ್ಟಿಲ ಬಳಿ ಕೊಡೆ ಮಡಚುತ್ತಿದ್ದಳು.
'ತಪ್ಪು ನಂದೇ ಅಜ್ಜಿ. ಇನ್ನೊಮ್ಮೆ ಕೊಡಬೇಕು.'
ಅವಳು ಬಸ್ಸು ನೋಡಿದಳು. ಬಸ್ಸು ಹೋಯಿತು.
ಏರು ಹತ್ತಿದೆವು, ಇಬ್ಬರಿಗೂ ಒಂದೇ ಕೊಡೆ,
ಅವಳ ಮೊಣಕಾಲಿನ ವೇಗದಲ್ಲಿ.

ಈ ಸಲ ಕೇಳಿದೆ, ಬರೆದೆ, ಬರೆದದ್ದನ್ನು ಓದಿ ಹೇಳಿದೆ:
ಎರವರ ಚೋಮಿ, ವಯಸ್ಸು ಅರವತ್ತೆರಡು.
ಅಲ್ಲಿ ಮಾತ್ರ ಅವಳು ನಕ್ಕಳು, 'ಬಹುಶಃ' ಎಂದು.
ಹತ್ತಿ ಒತ್ತಿಕೊಂಡು ಕೂತವಳು ಆಮೇಲೆ,
'ನಿಂದೇನವ್ವ ಹೆಸರು?
ನಾಳೆ ಚೀಟಿಗೆ ಬಂದ್ರೆ ಯಾರನ್ನ ಕೇಳ್ಲಿ?'

ಹೇಳಿದೆ. ಲ್ಯಾಬಿನವಳು, ಸಿಸ್ಟರಲ್ಲ, ಎಂದೂ ಸೇರಿಸಿದೆ.
'ಆಯ್ತು ಸಿಸ್ಟರ್' ಎಂದು ಎದ್ದಳು.

ಹಿಮೋಗ್ಲೋಬಿನ್ ಏಳೂವರೆ.
ಇನ್ನೊಮ್ಮೆ ಹಾಕಿದೆ. ಏಳೂವರೆ.
'ಮಾಡಿದವರು' ಎಂಬಲ್ಲಿ ಎರಡಕ್ಷರ ಬರೆದೆ,
ಕೈಯ ತೇವಕ್ಕೆ ಶಾಯಿ ಸ್ವಲ್ಪ ಹರಡಿತು.
ಪಕ್ಕದಲ್ಲಿ ಮೇಡಂ ಸಹಿ.

ಕೋಟಿನ ತೂತುಗಳು ಇನ್ನೂ ಹಾಗೇ ಇವೆ.
ಸೂಜಿ ದಾರ ತರಬೇಕು.