ಮೂರು ಬಟ್ಟಲು ನೀರು

ನಮ್ಮ ಅಂಗಡಿಯಲ್ಲಿ ನೂರಾ ನಲವತ್ತು ಖಾನೆ,
ಒಂದರ ಹಿಡಿ ಮುರಿದಿದೆ. ಅದರಲ್ಲೇ ಆ ಬೇರು.
ತಾಯ್‌ನಾನ್‌ನ ಸೆಕೆಗೆ ಮೆತ್ತಗಾಗದಿರಲೆಂದು
ವಾರಕ್ಕೊಮ್ಮೆ ತಾರಸಿಯ ಬಿಸಿಲಿಗೆ ಹರವುತ್ತೇನೆ.
ತೆಳ್ಳಗೆ ಸೀಳಿದ ಬಿಲ್ಲೆ, ಅಂಚು ಕಂದು, ನಡುವೆ ಕೆನೆ.
ಹೆಸರು ದಾಂಗ್‌ಗುಯ್.
ಬಿಡಿಸಿ ಓದಿದರೆ: ಮರಳಿ ಬರಬೇಕು.

ಬಿಷ್ಯಾ ಬರುತ್ತಿದ್ದದ್ದು ಗುರುವಾರ,
ಮೀನುಪೇಟೆ ತೊಳೆದು ಮುಗಿದ ಮೇಲೆ.
ಹಾಲುಮೀನಿನ ಇನ್ನೂರು ಚಿಲ್ಲರೆ ಮುಳ್ಳನ್ನು
ಒಂದೂ ಉಳಿಯದಂತೆ ಕೀಳುವ ಬೆರಳು.
ಮಣಿಕಟ್ಟನ್ನು ಪುಟ್ಟ ದಿಂಬಿನ ಮೇಲಿಟ್ಟರೆ
ವೈದ್ಯ ಊ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳುತ್ತಿದ್ದರು,
ಪಕ್ಕದ ಮನೆಯ ಜಗಳಕ್ಕೆ ಗೋಡೆಗೆ ಕಿವಿಯಿಟ್ಟ ಹಾಗೆ.
"ಕೂಸಿನ ಅರಮನೆಯಲ್ಲಿ ಚಳಿ," ಅಂದರು.
ಬಸಿರಿನ ಚೀಲಕ್ಕೆ ನಮ್ಮಲ್ಲಿ ಅದೇ ಹೆಸರು.
"ಮಂಜುಗಡ್ಡೆ ಮುಟ್ಟಬೇಡ."
"ಮೀನಿಗೆ ಹೇಳಿ," ಅಂದಳು.

"ಆಸ್ಪತ್ರೆಯವರಿಗೆ ಇದನ್ನು ಹೇಳಿದ್ದೀಯಾ?"
ತಲೆ ತಗ್ಗಿಸಿದಳು.
"ಹೇಳು. ಅವರ ಸೂಜಿ ನಡೆಯುವಾಗ ನನ್ನ ಕಷಾಯ ಬೇಡ."

ನಾನು ತೂಗುವವಳು. ಅಷ್ಟೇ ನನ್ನ ಕೆಲಸ.
ಬೇರು ಮೂರು ಛಿಯೆನ್.
ಒಂಬತ್ತು ಸಲ ಬೇಯಿಸಿ ಒಂಬತ್ತು ಸಲ ಒಣಗಿಸಿ
ಡಾಂಬರಿನಷ್ಟು ಕಪ್ಪಾದ ಗಡ್ಡೆ, ಕೈಗಂಟುವುದು, ನಾಲ್ಕು.
ನೆಲದಲ್ಲಿ ಬೇರಿಲ್ಲದೆ
ಕಂಡವರ ಮೈಮೇಲೆ ಬದುಕುವ ಬಳ್ಳಿಯ ಬೀಜ ಮೂರು:
ಸಾಸಿವೆಗಿಂತ ಸಣ್ಣದು,
ಉಸಿರು ಬಿಟ್ಟರೂ ತಕ್ಕಡಿ ಅಲುಗುತ್ತದೆ.
ಕಾಗದ ಮಡಚಿ ಕೆಂಪು ದಾರ ಸುತ್ತಿ
ದಿನವೂ ಒಪ್ಪಿಸುವ ಪಾಠ ಒಪ್ಪಿಸುತ್ತೇನೆ:
ಮೂರು ಬಟ್ಟಲು ನೀರು ಹಾಕಿ
ಮುಕ್ಕಾಲು ಬಟ್ಟಲಿಗೆ ಇಳಿಸಿ.

ಗಂಡ ಹೊರಗೆ ಸ್ಕೂಟರಿನ ಮೇಲೆ, ಹೆಲ್ಮೆಟ್ ತೆಗೆಯದೆ.
"ಅವನ ನಾಡಿಯನ್ನೂ ನೋಡೋಣ, ಕರಿ," ಅಂದರು ಊ
ಮೂರು ಗುರುವಾರ.
ಮೂರು ಸಲವೂ ಒಳಗೆ ಬಂದದ್ದು ಹಾರ್ನ್.

ಒಮ್ಮೆ ಕೇಳಿದಳು, "ನೀನು ಕುಡಿದಿದ್ದೀಯಾ ಇದನ್ನು?"
"ಎರಡು ವರ್ಷ."
ಮುಂದಿನ ಪ್ರಶ್ನೆ ಅವಳ ತುಟಿಯವರೆಗೆ ಬಂದು
ನನ್ನ ಖಾಲಿ ಕೌಂಟರನ್ನು ನೋಡಿ ಹಿಂದಿರುಗಿತು.
"ಸಕ್ಕರೆ ಬೆರೆಸಬೇಡ," ಅಂದೆ. "ಇನ್ನೂ ಕೆಡುತ್ತದೆ."
ಇಬ್ಬರೂ ನಕ್ಕೆವು, ಅಷ್ಟೇನೂ ನಗುವ ಮಾತಲ್ಲ.

ಹನ್ನೊಂದು ತಿಂಗಳು. ಆಮೇಲೆ ಒಂದು ಗುರುವಾರ ಬರಲಿಲ್ಲ.
ಇಲ್ಲಿಗೆ ಹೆಂಗಸರು ಬರುವುದು ನಿಲ್ಲುವುದಕ್ಕೆ
ಎರಡೇ ಕಾರಣ.
ಲೆಕ್ಕದ ಪುಸ್ತಕದಲ್ಲಿ ಎರಡಕ್ಕೂ ಒಂದೇ ಖಾಲಿ ಸಾಲು.
ಮರಳಿ ಬರಬೇಕು ಅನ್ನುವುದನ್ನು ಮಾರುತ್ತೇವೆ,
ಮರಳಿ ಬಾರದಿರಲಿ ಎಂದು ಹರಸುತ್ತೇವೆ.

ಅವಳಿಗೆಂದು ಕಟ್ಟಿಟ್ಟ ಪೊಟ್ಟಣ ಹಾಗೇ ಇದೆ.
ಬಿಚ್ಚಿದರೂ ಏನು ಮಾಡಲಿ,
ಕಪ್ಪು ಗಡ್ಡೆಗೆ ಆ ಬೀಜ ಅಂಟಿಕೊಂಡಿರುತ್ತದೆ,
ಯಾವ ಖಾನೆಗೆ ಹಿಂದಕ್ಕೆ ಹಾಕಲಿ?

ಮೊನ್ನೆ ಮೀನುಪೇಟೆಗೆ ಹೋಗಿದ್ದೆ.
ಅವಳ ಕಟ್ಟೆಯ ಹಿಂದೆ ಯಾರೋ ತಲೆ ಬಗ್ಗಿಸಿದ್ದರು,
ಟೋಪಿ, ಮಾಸ್ಕು, ಮೊಣಕೈವರೆಗೆ ರಬ್ಬರು.
ಕೇಳಲು ಧೈರ್ಯ ಬರಲಿಲ್ಲ. ಅರ್ಧ ಮೀನು ಕೊಂಡೆ.
ರಾತ್ರಿ ಗಂಜಿಯಲ್ಲಿ,
ನಾಲಿಗೆಗೆ,
ಒಂದು ಮುಳ್ಳು ಸಿಕ್ಕಿತು.
ತಟ್ಟೆಯ ಅಂಚಿಗಿಟ್ಟು ಬಹಳ ಹೊತ್ತು ನೋಡಿದೆ.
ಅದು ಅವಳ ಕೈಯಲ್ಲ.