ನಡುವಿನ ಅಕ್ಷರ

ಅಪ್ಪನ ಯಾಶಿಕಾದ ನೆಗೆಟಿವ್ ಇದು,
ಎಪ್ಪತ್ಮೂರರ ಡಿಸೆಂಬರ್, ಭದ್ರಾವತಿ.
ಒಂದು ಮೂಲೆಗೆ ಬೂಷ್ಟು ಹಿಡಿದಿದೆ.
ಸ್ಕ್ಯಾನರಿನ ಗಾಜಿಗೆ ಉಸಿರು ತಾಗದಂತೆ ಮೆಲ್ಲಗೆ ಇಟ್ಟೆ.
ಇನ್ನೊಂದು ಹೋದ ಭಾನುವಾರದ್ದು,
ಅದೇ ಮೈದಾನದಲ್ಲಿ ನಾನೇ ತೆಗೆದದ್ದು.

ಸಂಘದವರಿಗೆ ಐವತ್ತು ವರ್ಷದ ಫ್ಲೆಕ್ಸ್ ಬೇಕು,
ಹನ್ನೆರಡು ಅಡಿಗೆ ಎಂಟು.
‘ಹಳೇದು ಹೊಸದು ಒಂದರೊಳಗೊಂದು ಕರಗಿರಬೇಕು ಮಾರಾಯ,
ಯಾರು ಯಾವ ಕಾಲದವರು ಅಂತ ಗೊತ್ತೇ ಆಗಬಾರದು.’

ಕರಗಿಸುವ ಮೊದಲು ಕದಲದ್ದೊಂದು ಸಿಗಬೇಕು ಎರಡರಲ್ಲೂ.
ಬೇವಿನ ಮರ ಹೋಗಿದೆ. ಗ್ಯಾಲರಿ ಬಂದಿದೆ.
ಸಿಕ್ಕಿದ್ದು ಕಾರ್ಖಾನೆಯ ಚಿಮಣಿ.
ಅದರಲ್ಲಿ ಹೊಗೆ, ಇದರಲ್ಲಿ ಬರೀ ಆಕಾಶ.
ಗುಂಡಿಗೆ ಕಾಜ ಹಾಕಿದ ಹಾಗೆ
ಚಿಮಣಿಯ ಮೇಲೆ ಚಿಮಣಿ ಕೂರಿಸಿದೆ,
ಉಳಿದದ್ದೆಲ್ಲ ತಾನಾಗಿ ಸರಿದು ಬಂತು.
ನೆರಳು ಮಾತ್ರ ಬರಲಿಲ್ಲ.
ಅವರದು ಇಳಿಹೊತ್ತು, ಇವರದು ಬೆಳಗು.
ನೆರಳಿಗೆ ನೆರಳು ಎದುರು ನಿಂತವು
ಟಾಸ್ ಆಗದ ಎರಡು ತಂಡಗಳಂತೆ.

ರೋಲಿಂಗ್ ಮಿಲ್ಲಿನ ಕರಿಬಸಪ್ಪ ಮಣ್ಣಲ್ಲಿ ಬೋರಲು,
ಸೊಂಟದ ಮೇಲೆ ಇಬ್ಬರು, ಕಾಲಿಗೆ ಇಬ್ಬರು,
ಒಬ್ಬನ ಮೊಣಕೈ ಎಲ್ಲೋ ಕಾಣದ ಕಡೆ.
ಬಲಗೈ ಚಾಚಿದೆ ನಡುಗೆರೆಗೆ.
ಗೆರೆಯ ಮೇಲೋ, ಗೆರೆಯ ಈಚೆಗೋ?
ಊರು ಐವತ್ತು ವರ್ಷ ಇದಕ್ಕೇ ಕಚ್ಚಾಡಿದೆ,
ಅಪ್ಪನ ಹತ್ತಿರ ಪ್ರಿಂಟು ಕೇಳಿ ಬೈಸಿಕೊಂಡವರಿದ್ದಾರೆ.
ನಾನು ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ:
ಸುಣ್ಣವೂ ಉಗುರೂ ಒಂದೇ ಬೂದಿ ಚುಕ್ಕಿಗಳಾಗಿ
ಕೈಬಿಟ್ಟು ಹೋದವು.

ಆರೋಗ್ಯಸ್ವಾಮಿ ಬಂದದ್ದು ಆವಾಗ.
ಅವತ್ತು ಸೀಟಿ ಊದಿದವರು. ಎಂಬತ್ನಾಲ್ಕು ವರ್ಷ,
ಕೊಡೆಯನ್ನು ಬಾಗಿಲಲ್ಲಿ ನಿಲ್ಲಿಸಿ, ಅದು ಬಿದ್ದು, ಮತ್ತೆ ನಿಲ್ಲಿಸಿ,
ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದರು.

‘ಬೆರಳು ಮುಟ್ಟಿತ್ತು ತಂಬಿ.
ಬೆರಳಿನ ತಕರಾರು ನಂಗೆ ಯಾವತ್ತೂ ಇರ್ಲಿಲ್ಲ.
ನಾ ಔಟ್ ಕೊಟ್ಟಿದ್ದು ಉಸಿರಿಗೆ.’

ನನ್ನ ಕೈ ಮೌಸಿನ ಮೇಲೆ ಹಾಗೇ ಇತ್ತು.

‘ಐದು ಗಂಟೆ ಸೈರನ್ನು. ನಿಂಗೆ ಗೊತ್ತಿಲ್ಲ ಆ ಸೈರನ್ನು,
ಹೊಳೆ ಆಚೆ ದನ ಬೆದರ್ತಿತ್ತು.
ಕಿವಿ ಕೆಲಸಕ್ಕೆ ಬರ್ಲಿಲ್ಲ, ಬಗ್ಗಿ ಬಾಯಿ ನೋಡಿದೆ.
ಮುಚ್ಚಿತ್ತು. ಊದಿದೆ.
ಎಲ್ಲರೂ ಗೆರೆ ಗೆರೆ ಅಂತ ಬಡಕೊಂಡ್ರು,
ಉಸಿರಿನ ವಿಷಯ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ.
ಕರಿಬಸಪ್ಪ ಆಮೇಲೆ ಕೋರ್ಟಿಗೆ ಇಳೀಲೇ ಇಲ್ಲ.
ಕ್ಯಾಂಟೀನಲ್ಲಿ ಸಿಕ್ಕಿದರೆ ಟೀ ಕೊಡಿಸ್ತಿದ್ದ, ಪಾಪಿ.’

ಮೇಲಿನ ಪದರದಲ್ಲಿ ತಾಂಡಾದ ಲಾವಣ್ಯಾ ಬಾಯಿ,
ಹದಿನಾರರ ಹುಡುಗಿ, ಹಸಿರು ಜೆರ್ಸಿ,
ಅವನ ಬೆನ್ನನ್ನೇ ತುಳಿದುಕೊಂಡು ಹಾರಿದ ಹಾಗೆ ದಾಳಿಯಲ್ಲಿದ್ದಾಳೆ.
ಭಾನುವಾರ ನಾನು ಗೆರೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದೆ.
ಮೂವರನ್ನು ಮುಟ್ಟಿ ಬಂದಳು, ಎಲ್ಲೂ ಕಡಿಯದೆ,
ನೀರು ಕಾದ ಪಾತ್ರೆಯ ಮುಚ್ಚಳದಂತೆ
ಅವಳ ದನಿ ಪಟಪಟನೆ ನನ್ನ ಕಿವಿಗೇ ತಾಗಿ ಹೋಯಿತು.
ಆಣೆ ಮಾಡಿ ಹೇಳಬಲ್ಲೆ.

ಅವಳ ಮುಖ ಹಿಗ್ಗಿಸಿದೆ.
ಬಾಯಿ ಮುಚ್ಚಿತ್ತು.

ಏನೂ ಹೇಳದೆ ಅವನ ಮುಖ ತಂದು ಪಕ್ಕಕ್ಕಿಟ್ಟೆ.
ಒಂದು ಕಪ್ಪು ಬಿಳುಪು, ಒಂದು ಬಣ್ಣ,
ಒಂದರ ಮೇಲೆ ಮಣ್ಣು, ಇನ್ನೊಂದರ ಮೇಲೆ ಬೆವರು.
ತುಟಿ ಎರಡೂ ಒಂದೇ ಥರ ಒತ್ತಿಕೊಂಡಿದ್ದವು.
ಆ ಒಂದು ಜಾಗದಲ್ಲಿ ಕರಗಿಸಲು ನನಗೇನೂ ಉಳಿದಿರಲಿಲ್ಲ.

ಫ್ಲೆಕ್ಸಿನವನ ಫೋನು ಎರಡು ಸಲ ಬಂತು. ಎತ್ತಲಿಲ್ಲ.

ಮುದುಕರು ಕನ್ನಡಕ ಇಳಿಸಿದರು.
ಅವಳನ್ನು ನೋಡಿದರು, ಅವನನ್ನು ನೋಡಿದರು,
ಆಮೇಲೆ ತಮ್ಮಷ್ಟಕ್ಕೆ, ಬಹಳ ನಿಧಾನಕ್ಕೆ,
ಸ್ಲೇಟು ಹಿಡಿದ ಹುಡುಗನಂತೆ
‘ಕ’ ಅಂದರು.

ಮುಂದಿನದಕ್ಕೆ ತುಟಿ ಕೂಡಿದವು.
ಕೂಡಿ ಹಾಗೇ ನಿಂತವು.