ಬಿಸಿಲಿಗೆ ಬೀಗ

ಗಂಜಿನ ಹಿಂದಿನ ಬಯಲಲ್ಲಿ, ಬೇವಿನ ಕೆಳಗೆ
ನಿಂತಿತ್ತು ಸೂಗಪ್ಪನ ಗಾಡಿ.
ಒಂದು ಕಾಲಕ್ಕೆ ಆಂಬುಲೆನ್ಸು, ಹರಾಜಿನಲ್ಲಿ ಹಿಡಿದದ್ದು.
ಬಣ್ಣ ಬಳಿದರೂ ಮೂತಿಯ ಮೇಲಿನ ಉಲ್ಟಾ ಅಕ್ಷರಗಳು
ಇನ್ನೂ ಇಣುಕುತ್ತಿದ್ದವು.
ಒಳಗೆ ಸ್ಟ್ರೆಚರಿನ ಜಾಗದಲ್ಲಿ ಮಂಚ,
ಸಲೈನಿನ ಕೊಕ್ಕೆಗೆ ಬೆಳ್ಳುಳ್ಳಿ ಗೊಂಚಲು,
ಮಜ್ಜಿಗೆಗೊಂದು ಮೊಣಕಾಲೆತ್ತರದ ಫ್ರಿಜ್ಜು,
ನೆತ್ತಿಯ ಮೇಲೆ ಎರಡು ಸೋಲಾರ್ ಹಲಗೆ.

"ಫ್ರಿಜ್ ಸತ್ತೈತಿ ನೋಡು ಹುಲಿಗೆಮ್ಮ."
ಸತ್ತದ್ದು ಫ್ರಿಜ್ಜಲ್ಲ. ಬಾಗಿಲು ತೆಗೆದರೇ ತಿಳಿಯುತ್ತಿತ್ತು,
ಕಂಟ್ರೋಲರಿನ ಒಡಲಿಂದ ಸೀದ ಮೀನಿನ ವಾಸನೆ.
ಯಾರು ಮುಟ್ಟಿದ್ದು?
"ಮಾನ್ವಿಯೊಳಗ ಒಬ್ಬ ಹುಡುಗ. ಟರ್ಮಿನಲ್ ತೊಳೀತೀನಂತ
ಬ್ಯಾಟರಿ ಬಿಚ್ಚಿದ. ನಡು ಮಧ್ಯಾಹ್ನ."

ಅಷ್ಟೇ ಸಾಕಿತ್ತು.
ಬಿಸಿಲು ಸುರಿಯುತ್ತಲೇ ಇತ್ತು, ತುಂಬಿಕೊಳ್ಳಲು ಕೊಡವಿಲ್ಲ.
ಬಾಗಿಲಲ್ಲಿ ನಿಂತ ಕಾವಲಿನವನ ಎದೆಗೇ ಬಿತ್ತು ಹೊರೆ.

ಬಿಚ್ಚುವಾಗ ಮೊದಲು ಬಿಸಿಲು, ಆಮೇಲೆ ಬ್ಯಾಟರಿ.
ಕಟ್ಟುವಾಗ ಮೊದಲು ಬ್ಯಾಟರಿ, ಆಮೇಲೆ ಬಿಸಿಲು.
ನನ್ನ ಉಸ್ತಾದರು ಜೀಲಾನಿ ಸಾಬರು ಇದನ್ನು ಕಲಿಸಿದ್ದು
ಮದುವೆಮನೆಯ ಲೆಕ್ಕದಲ್ಲಿ:
ಚಾಪೆ ಹಾಸು, ಆಮೇಲೆ ಬೀಗರನ್ನ ಕರಿ.
ಬೀಗರು ಎದ್ದ ಮೇಲೆ ಚಾಪೆ ಸುತ್ತು.

"ನೆರಳಾಗ ನಿಲ್ಲಿಸೀನಲ್ಲ, ಈಗೆಲ್ಲಿ ಕರೆಂಟು?"
ಮೀಟರಿನ ಎರಡು ನಾಲಿಗೆ ತಾಗಿಸಿ ತೋರಿಸಿದೆ.
ಮೂವತ್ತೆಂಟು ವೋಲ್ಟು.
ಬೇವಿನೆಲೆ ಸಂದಿಯಿಂದ ಉದುರಿದ ಚಿಲ್ಲರೆಯೇ ಅಷ್ಟು.
ಏಪ್ರಿಲ್ಲು, ರಾಯಚೂರು.
ಇಲ್ಲಿ ನೆರಳೂ ಪೂರ್ತಿ ನೆರಳಲ್ಲ.

ಸೂಗಪ್ಪ ಇಪ್ಪತ್ತೊಂಬತ್ತು ವರ್ಷ
ಶಕ್ತಿನಗರದ ಥರ್ಮಲ್ಲಿನಲ್ಲಿ ದುಡಿದವ.
"ಅಲ್ಲಿ ಕಲ್ಲಿದ್ದಲು ನಿಲ್ಲಿಸಿದ್ರ ಬೆಂಕಿ ನಿಲ್ತಿತ್ತು.
ಇಲ್ಲಿ ನಿಲ್ಲಿಸು ಅಂತ ಯಾರಿಗೆ ಹೇಳೂದು?"
ಯಾರಿಗೂ ಇಲ್ಲ.
ಆರಿಸುವ ಗುಂಡಿ ಆ ತುದಿಯಲ್ಲಿಲ್ಲ.
ನಮ್ಮ ಕೈಗೆ ಎಟುಕುವುದು ದಾರಿ ಮಾತ್ರ.

ಮನೆಯ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟಿ ಬರುತ್ತದೆ,
ಆ ಸಂದಿನಲ್ಲಿ ಕಿಡಿ ಸಾಯುತ್ತದೆ.
ಇದು ಒಂದೇ ಸಮ. ಉಸಿರು ತಗೊಳ್ಳುವುದಿಲ್ಲ.
ಉರಿಬಿಸಿಲಲ್ಲಿ ತಂತಿ ಎಳೆದೆಯೋ, ನೀಲಿ ಎಳೆಯೊಂದು
ಸೆರಗು ಬಿಡದ ಮಗುವಿನ ಹಾಗೆ ಹಿಡಿದುಕೊಂಡೇ ಬರುತ್ತದೆ.
ಜೀಲಾನಿ ಸಾಬರ ಹೆಬ್ಬೆರಳ ಮೇಲೆ ಅದರ ರುಜು ಇತ್ತು.
ಅದಕ್ಕೇ ಎರಡು ತಂತಿಯನ್ನೂ ಒಟ್ಟಿಗೆ ಕಡಿಯುವ ಡಿಸಿ ಸ್ವಿಚ್ಚು,
ಹಲಗೆಗೂ ಕಂಟ್ರೋಲರಿಗೂ ನಡುವೆ, ಕೈಗೆ ಸಿಗುವಲ್ಲಿ.
ಮನೆಗೆ ಹಾಕುವ ಸ್ವಿಚ್ಚು ಸಾಲದು,
ಅದಕ್ಕೆ ಈ ಹಟ ಗೊತ್ತಿಲ್ಲ.

"ಕೌದಿ ಕೊಡ್ರಿ, ದಪ್ಪಂದು."
ಅಮರಮ್ಮ ಮುಖ ಸಣ್ಣದು ಮಾಡಿಕೊಂಡೇ ಕೊಟ್ಟಳು:
ಇಳಕಲ್ಲಿನ ಅಂಚು, ಮಗಳ ಯೂನಿಫಾರ್ಮಿನ ನೀಲಿ,
ಥರ್ಮಲ್ಲಿನ ಖಾಕಿ ಅಂಗಿಯದೊಂದು ತೋಳು.
ಏಣಿ ಹತ್ತಿ ಹೊದಿಸಿ, ಮೂಲೆಗೊಂದು ಕಲ್ಲಿಟ್ಟೆ.
ಮೀಟರು ಇಳಿಯಿತು, ಮೂವತ್ತೆಂಟು, ಹತ್ತೊಂಬತ್ತು, ಆರು,
ಎರಡರ ಹತ್ತಿರ ಬಂದು ಕೂತಿತು
ಹೊಲಿಗೆಯ ತೂತಿನಲ್ಲಿ ಇಣುಕುತ್ತ.
ಇಷ್ಟು ಬಡವಾದರೆ ಪರವಾಗಿಲ್ಲ.

ಸ್ವಿಚ್ಚು ಕೂರಿಸಿದೆ. ಅದರ ಹಿಡಿಕೆಯಲ್ಲೊಂದು ರಂಧ್ರ.
ಸೂಗಪ್ಪ ಅದನ್ನೇ ನೋಡಿದ. ಮಂಚದಡಿಯ ಡಬ್ಬಿ ಎಳೆದು
ಕೆಂಪು ಬೀಗವೊಂದನ್ನು ತೆಗೆದ, ಮೇಲೆ ನಂಬರು ೪೧೭.
"ಬಾಯ್ಲರಿನೊಳಗ ಇಳಿಯೂ ಮುಂದ
ಒಬ್ಬೊಬ್ಬಾಂವ ತನ್ನ ಬೀಗ ತಾನ ಜಡೀತಿದ್ದ.
ಎಷ್ಟು ಬೀಗ, ಅಷ್ಟು ಜೀವ.
ಒಮ್ಮೆ ಒಂದು ಬೀಗ ಉಳೀತು. ಆಸಾಮಿ ಇಲ್ಲ.
ಚಹಾಕ್ಕ ಹೋಗಿದ್ದ, ಸುಡುಗಾಡು, ಕೀಲಿ ಕಿಸೆದಾಗ!
ಎರಡು ತಾಸು ಯುನಿಟ್ ನಿಂತಿತ್ತು.
ಸಾಹೇಬರು ಬೈದ್ರು, ಕುಣಿದ್ರು.
ಆದ್ರ ಬೀಗ ಯಾರೂ ಒಡೀಲಿಲ್ಲ."
ಸ್ವಿಚ್ಚಿನ ಕಿವಿಗೆ ಅದನ್ನು ಜಡಿದು
ಕೀಲಿಯನ್ನು ನನ್ನ ಅಂಗೈಗಿಟ್ಟ.
"ಈಗ ಕೈ ಹಾಕು."

ಸುಟ್ಟದ್ದು ಹೋಯಿತು, ಹೊಸದು ಬಂತು.
ಫ್ಯೂಸು, ಬ್ಯಾಟರಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.
ಎರಡು ಸಲ ನೋಡಿದೆ, ಮೂರನೆಯ ಸಲ ಅವನಿಂದ ನೋಡಿಸಿದೆ.
ಪರದೆಯ ಮೇಲೆ ಸಣ್ಣ ಅಂಕಿ ಹೊತ್ತಿತು: ಚಾಪೆ ಹಾಸಿತ್ತು.
ಕೌದಿ ಇಳಿಸಿದೆ. ಬೀಗ ತೆಗೆದೆ. ಹಿಡಿಕೆ ತಿರುಗಿಸಿದೆ.
ಬೀಗರು ಬಂದರು, ಸದ್ದಿಲ್ಲದೆ.

ಫ್ರಿಜ್ಜು ಗುನುಗತೊಡಗಿದಾಗ ಸೂಗಪ್ಪ ಕೀಲಿಗಾಗಿ ಕೈಚಾಚಿದ.
ಅಮರಮ್ಮ ಕೌದಿಯನ್ನು ಕೆನ್ನೆಗೊತ್ತಿ ಥಟ್ಟನೆ ತೆಗೆದಳು.
"ಕಾದು ಹೆಂಚಾಗೇತಿ ನೋಡು,
ಇದನ್ನ ಇವತ್ತು ಯಾರು ಹೊದೀತಾರ?"